ಗರಿಕೆಯ ಜೊತೆ ಬಂದ ಉಣುಗು

ಕೆಸುವಿನ ಎಲೆಯ ಬೆನ್ನಿಗೆ ಹಿಟ್ಟು ಸವರುತ್ತ ಕೂತಿದ್ದೆ. ಪತ್ರೊಡೆಗೆ ಕೂತವಳು ನಡುವೆ ಏಳುವ ಹಾಗಿಲ್ಲ. ಬೆರಳ ಸಂದಿಯಲ್ಲೆಲ್ಲ ಹಿಟ್ಟು, ಮಣಿಕಟ್ಟಿನವರೆಗೆ ಕೆಸುವಿನ ತುರಿಕೆ. ನಾಲ್ಕನೆಯ ಎಲೆ ಹಾಸಿ ಇನ್ನೇನು ಸುತ್ತಬೇಕು ಅನ್ನುವಾಗ ಇಂಟರ್‌ಕಾಮ್ ಹೊಡೆದುಕೊಳ್ಳತೊಡಗಿತು. ಮೊಣಕೈಯಲ್ಲೇ ರಿಸೀವರ್ ಎತ್ತಿ ಹೆಗಲಿಗೂ ಕಿವಿಗೂ ನಡುವೆ ಒತ್ತಿ ಹಿಡಿದೆ. ಕೆಳಗಿನ ವಾಚ್‌ಮನ್.

"ಭಾಭೀಜಿ, ಮಾತಾಜಿ ಗೇಟ್ ಕೆ ಪಾಸ್ ಬೈಠ್ ಗಯೀ ಹೈ. ಉಠ್ ನಹೀಂ ಪಾ ರಹೀ."

ಅತ್ತೆ ಗೇಟಿನ ಹತ್ತಿರ ಕೂತುಬಿಟ್ಟಿದ್ದಾರೆ, ಏಳಲು ಆಗುತ್ತಿಲ್ಲ. ಕೈಯನ್ನು ನೈಟಿಗೇ ಒರೆಸಿಕೊಂಡು, ಮೇಲೊಂದು ದುಪಟ್ಟಾ ಎಳೆದುಕೊಂಡು ಲಿಫ್ಟಿಗೆ ಓಡಿದೆ. ವಾರಕ್ಕೆ ಎರಡು ದಿನ ಕೆಟ್ಟಿರುವ ಲಿಫ್ಟು ಅಂದು ಸರಿಯಿತ್ತು. ಅದೊಂದು ದೇವರ ದಯೆ ಅಂತ ಇಳಿಯುವಾಗಲೇ ಮನಸ್ಸಿನಲ್ಲಿ ಎಣಿಸಿಟ್ಟುಕೊಂಡೆ. ನನಗೆ ಹಾಗೊಂದು ಅಭ್ಯಾಸ. ದೊಡ್ಡದನ್ನು ದೇವರಲ್ಲಿ ಕೇಳಿ ಕೇಳಿ ಸುಸ್ತಾದ ಮೇಲೆ, ಅವನು ಕೇಳದೆ ಕೊಡುವ ಸಣ್ಣಪುಟ್ಟದ್ದನ್ನು ಲೆಕ್ಕ ಇಡುವುದು ಕಲಿತಿದ್ದೇನೆ.

ಅಂದು ಸಂಕಷ್ಟಿ. ನಮ್ಮ ಮನೆಯಲ್ಲಿ ಸಂಕಷ್ಟಿಯೆಂದರೆ ಅತ್ತೆಯ ದಿನ. ಕಳೆದ ವರ್ಷ ನನ್ನ ಗಂಡನಿಗೆ ಮಹಾಪೆಯ ಆಫೀಸಿನಲ್ಲೇ ಎದೆನೋವು ಬಂದು, ಆಸ್ಪತ್ರೆಗೆ ಹಾಕಿ, ಎರಡು ಸ್ಟೆಂಟ್ ಹಾಕಿಸಿದ್ದಾಯಿತು. ಆಪರೇಶನ್ ಕೋಣೆಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅತ್ತೆ ಹರಕೆ ಹೇಳಿಕೊಂಡರು: ಇಪ್ಪತ್ತೊಂದು ಸಂಕಷ್ಟಿ ಉಪವಾಸ, ಪ್ರತಿ ಸಲವೂ ತನ್ನ ಕೈಯಾರೆ ಕಿತ್ತ ಗರಿಕೆ, ಕೊನೆಗೆ ಟಿಟ್ವಾಳಾದ ಗಣಪತಿಗೆ ಹೋಗಿ ಒಪ್ಪಿಸುವುದು. ಮಗ ಎದ್ದು ಮನೆಗೆ ಬಂದ. ಮೂರನೇ ತಿಂಗಳಿಗೆ ಬಸ್ಸು ಹತ್ತಿ ಆಫೀಸಿಗೂ ಹೋದ. ಆದರೆ ಹರಕೆ ಮಾತ್ರ ತಿಂಗಳಿಗೊಂದರಂತೆಯೇ ತೀರಬೇಕಲ್ಲ. ಅದು ಹದಿನೇಳನೆಯದ್ದು.

ಸ್ಟೇಷನ್ನಿನ ಹೂವಿನ ಅಂಗಡಿಯಲ್ಲಿ ದೂರ್ವಾ ಅಂತ ಕಟ್ಟು ಕಟ್ಟು ಸಿಗುತ್ತದೆ. ಅತ್ತೆಗೆ ಅದು ನಡೆಯದು. ಯಾರು ಕಿತ್ತರೋ, ಎಲ್ಲಿ ಕಿತ್ತರೋ, ಯಾವ ನೀರಲ್ಲಿ ಅದ್ದಿಟ್ಟರೋ. ನಮ್ಮದು ಡೊಂಬಿವಲಿಯ ಕಾರ್ಖಾನೆ ಪ್ರದೇಶವಾದ ಎಂಐಡಿಸಿಯ ವಸತಿ ಭಾಗ. ಕಟ್ಟಡದ ಹಿಂದೆ ಇನ್ನೂ ಯಾರೂ ಕಟ್ಟದ ಒಂದು ಮೈದಾನ ಉಳಿದಿದೆ. ಅಂಚಿನಲ್ಲಿ ನಾಲೆ, ನಾಲೆಯಾಚೆ ಎಮ್ಮೆಗಳ ತಬೇಲಾ. ಗಾಳಿ ಆ ಕಡೆಯಿಂದ ಬಂದರೆ ಸಗಣಿಯ ವಾಸನೆ, ಈ ಕಡೆಯಿಂದ ಬಂದರೆ ಕಂಪನಿಗಳ ವಾಸನೆ. ಮಳೆಗಾಲದಲ್ಲಿ ಅಲ್ಲಿ ಹುಲ್ಲು ಸೊಂಟದವರೆಗೆ ಬೆಳೆಯುತ್ತದೆ. ಅದರ ಬುಡದಲ್ಲಿ ಒಳ್ಳೆ ಎಳೆ ಗರಿಕೆ. ಅತ್ತೆ ಮುಂಜಾನೆ ಮಿಂದು, ಮಡಿ ಸೀರೆ ಉಟ್ಟು, ಚಪ್ಪಲಿ ಹಾಕದೆ, ಬಟ್ಟೆ ಚೀಲ ಹಿಡಿದು ಹೊರಡುವರು. ಮಡಿಯೆಂದರೆ ಪೂಜೆ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವ ಹಾಗಿಲ್ಲ. ನಲವತ್ತು ವರ್ಷ ಈ ಊರಲ್ಲಿದ್ದು ಅವರ ಮಡಿಯೂ ಈ ಊರಿನದೇ ಆಗಿದೆ. ಲಿಫ್ಟು ಮುಟ್ಟಬಹುದು, ಲಿಫ್ಟಿನೊಳಗಿನ ಮನುಷ್ಯರನ್ನು ಮುಟ್ಟಬಾರದು. ಕಟ್ಟಡದ ಜನಕ್ಕೆಲ್ಲ ಗೊತ್ತು. ಅತ್ತೆ ಒಳಗೆ ಬಂದರೆ ಟೈ ಕಟ್ಟಿಕೊಂಡವರೂ ಗೋಡೆಗೆ ಅಂಟಿಕೊಂಡು ನಿಲ್ಲುತ್ತಾರೆ.

ಸಂಕಷ್ಟಿಗೊಂದೇ ಅಲ್ಲ, ಮಂಗಳವಾರಗಳಲ್ಲೂ ಗರಿಕೆಗೆ ಹೋಗುವರು. ನಾನು ಒಂದು ದಿನವೂ ಜೊತೆಗೆ ಹೋದವಳಲ್ಲ. ಮೊಣಕಾಲು ನೋವು ಅನ್ನುತ್ತಿದ್ದೆ. ನೋವಿದ್ದದ್ದು ನಿಜ. ಆದರೆ ಅವರು ಹೊರಗೆ ಹೋಗುವ ಆ ಅರ್ಧ ಗಂಟೆ ಈ ಎರಡು ಕೋಣೆಯ ಮನೆಯಲ್ಲಿ ನಾನು ಒಬ್ಬಳೇ ಇರುತ್ತಿದ್ದೆ. ಗಂಡ ಏಳಕ್ಕೆಲ್ಲ ಡಬ್ಬಿ ಹಿಡಿದು ಹೋಗಿಯಾಗಿರುತ್ತದೆ. ಫ್ಯಾನಿನ ಕೆಳಗೆ ಒಂದು ಲೋಟ ಕಾಫಿ ಕುಡಿಯಬಹುದು, ಯಾರೂ ಏನೂ ಕೇಳುವುದಿಲ್ಲ. ಆ ಅರ್ಧ ಗಂಟೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಇದನ್ನು ಬಿಟ್ಟರೆ ಉಳಿದದ್ದಕ್ಕೆ ಅರ್ಥವಿಲ್ಲ.

ಗೇಟಿನ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಅತ್ತೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ವಾಚ್‌ಮನ್ ಎರಡು ಮಾರು ದೂರದಲ್ಲಿ ನಿಂತು ನೀರಿನ ಬಾಟಲಿ ಚಾಚಿದ್ದ. ಅವರು ತೆಗೆದುಕೊಂಡಿರಲಿಲ್ಲ.

"ಎಂತ ಇಲ್ಲ ಮಾರಾಯ್ತಿ," ಅಂದರು ನನ್ನನ್ನು ಕಂಡು. "ಮೊಣಕಾಲಿನ ಹಿಂದೆ ಸೆಳೀತಾ ಉಂಟು, ಅಷ್ಟೇ. ಮುಟ್ಬೇಡ ನನ್ನ. ನಾನೇ ಏಳ್ತೆ."

ಕಟ್ಟೆಗೆ ಕೈ ಊರಿ ಎದ್ದರು. ಲಿಫ್ಟಿನ ಮುಂದಿನ ಮೆಟ್ಟಿಲ ಬಳಿ ಕಸ ಗುಡಿಸುವವಳು ನೆಲ ಒರೆಸುತ್ತಿದ್ದಳು. ವಿಜಯಪುರದ ಕಡೆಯವಳು, ಗಂಡ ಕಲ್ಯಾಣದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಅತ್ತೆ ಮೆಟ್ಟಿಲು ಹತ್ತಲು ಸೀರೆ ಸ್ವಲ್ಪ ಎತ್ತಿಕೊಂಡಾಗ ಅವಳು ಕೂತಲ್ಲಿಂದಲೇ ಕತ್ತು ಬಗ್ಗಿಸಿ ನೋಡಿದಳು.

"ಅಕ್ಕಾರ, ಆಯಿ ಕಾಲಿಗೆ ಉಣ್ಣಿ ಹತ್ತೇದ ನೋಡ್ರಿ."

ನಾನೂ ಬಗ್ಗಿ ನೋಡಿದೆ. ಎಡಗಾಲಿನ ಮೊಣಕಾಲ ಹಿಂದೆ, ಚರ್ಮ ಮಡಿಸುವಲ್ಲಿ, ನೆನೆಸಿದ ಹೆಸರುಕಾಳಿನಷ್ಟು ದಪ್ಪದ್ದೊಂದು ಬೂದು ಬಣ್ಣದ ಗುಳ್ಳೆ. ಸುತ್ತ ಕೆಂಪಗಾಗಿತ್ತು. ಊರಲ್ಲಿ ದನದ ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ ಇಂಥದ್ದನ್ನು ಎಷ್ಟೋ ನೋಡಿದ್ದೇನೆ. ನಾವು ಉಣುಗು ಅನ್ನುತ್ತಿದ್ದೆವು. ಆದರೆ ಮನುಷ್ಯರ ಮೈಮೇಲೆ, ಅದೂ ಏಳನೆಯ ಮಹಡಿಯಲ್ಲಿ ಬದುಕುವವರ ಮೈಮೇಲೆ, ಅದನ್ನು ಕಾಣುವೆನೆಂದು ಎಣಿಸಿರಲಿಲ್ಲ.

ಕಸ ಗುಡಿಸುವವಳು ಹೇಳಿದಳು, ಅವಳ ತವರಲ್ಲಿ ಕುರಿಗಳಿಗೆ ಬಹಳ ಹತ್ತುತ್ತವಂತೆ, ತಂಬಾಕಿಗೆ ಸುಣ್ಣ ತಿಕ್ಕಿ ಮೇಲೆ ಒತ್ತಿದರೆ ಬಿಡುತ್ತದಂತೆ. ಹೇಳಿ ಸೊಂಟದ ಚೀಲಕ್ಕೆ ಕೈ ಹಾಕಿಯೂ ಬಿಟ್ಟಳು. ಅತ್ತೆ ಮುಖ ಹೇಗೆ ಮಾಡಿದರೆಂದರೆ ಅವಳು ಚೀಲವನ್ನು ಹಾಗೆಯೇ ಒಳಕ್ಕೆ ಸಿಕ್ಕಿಸಿಕೊಂಡು ನಕ್ಕಳು. "ಹೋಗ್ಲಿ ಬಿಡ್ರಿ ಆಯಿ, ನಿಮ್ಮ ದೇವರೇ ತಗೀಲಿ."

ಮನೆಗೆ ಬಂದು ಕೇಳಿದಾಗ ತಿಳಿಯಿತು, ಅದು ಹತ್ತಿದ್ದು ಅಂದಲ್ಲ. ಮಂಗಳವಾರ ಗರಿಕೆಗೆ ಹೋದಾಗಲೇ ಇರಬೇಕು. ಮರುದಿನ ಮೀಯುವಾಗ ಕೈಗೆ ಗಂಟಿನ ಹಾಗೆ ಸಿಕ್ಕಿತ್ತು. ಹೇಳಿದರೆ ಗುರುವಾರ ಸಂಕಷ್ಟಿಯ ಗರಿಕೆಗೆ ಬಿಡುವುದಿಲ್ಲವೆಂದು ಸುಮ್ಮನಿದ್ದರು. ಎರಡು ದಿನ. ಎರಡು ದಿನ ಅದು ಅವರ ರಕ್ತ ಕುಡಿಯುತ್ತ ಕೂತಿತ್ತು. ನಾನು ಪಕ್ಕದಲ್ಲೇ ಅಕ್ಕಿ ತೊಳೆಯುತ್ತಿದ್ದೆ, ಬಟ್ಟೆ ಮಡಿಸುತ್ತಿದ್ದೆ.

ಈಗ ತೆಗೆಯಬೇಕು. ಆದರೆ ಅವರು ಮಡಿಯಲ್ಲಿದ್ದಾರೆ, ಮುಟ್ಟಬಾರದು. ದಾರಿಯನ್ನೂ ಅವರೇ ಹೇಳಿದರು. ದೇವರ ಕೋಣೆಯಿಂದ ಒಂದು ಊದುಬತ್ತಿ ಹಚ್ಚಿ ತಾ. ತುದಿಯ ಕೆಂಡ ಅದರ ಬೆನ್ನಿಗೆ ತಾಗಿಸು. ಶಾಖಕ್ಕೆ ತಾನೇ ಕಳಚಿ ಬೀಳುತ್ತದೆ. ಅವರ ಮಾವ ಹಟ್ಟಿಯಲ್ಲಿ ಹಾಗೇ ಮಾಡುತ್ತಿದ್ದರಂತೆ. ನನಗೂ ಅದು ಸರಿಯೆನಿಸಿತು. ಮುಟ್ಟಿದ ಹಾಗೂ ಆಗುವುದಿಲ್ಲ, ಊದುಬತ್ತಿಯಾದರೆ ಮೈಲಿಗೆಯೂ ಇಲ್ಲ. ಹೊರಗಿನ ಯಾರಿಗಾದರೂ ಹೇಳಿದರೆ ನಕ್ಕಾರು. ಆದರೆ ಆ ಹೊತ್ತಿನಲ್ಲಿ ನಾವಿಬ್ಬರೂ ಬಹಳ ಬುದ್ಧಿವಂತರಂತೆ ಯೋಚಿಸಿದ್ದೆವು.

ಅವರು ಬಾಲ್ಕನಿಯ ಬೆಳಕಿಗೆ ಬೆನ್ನು ಹಾಕಿ, ಬಾಗಿಲಿನ ಕಂಬಿ ಹಿಡಿದು ನಿಂತರು. ನಾನು ಹಿಂದೆ ಮೊಣಕಾಲೂರಿ ಕೂತೆ. ಮೊದಲ ಸಲ ಬೂದಿ ಮಾತ್ರ ತಾಗಿತು. ಎರಡನೆಯ ಸಲ ಕೆಂಡ ತಾಗಿದಾಗ ಉಣುಗು ಕಾಲಾಡಿಸಿತು, ಬಿಡಲಿಲ್ಲ. ಮೂರನೆಯ ಸಲ ನನ್ನ ಕೈ ಜಾರಿ ಚರ್ಮಕ್ಕೇ ಚುಚ್ಚಿತು. ಅತ್ತೆ ಕೂಗಲಿಲ್ಲ. ಕಂಬಿಯ ಮೇಲಿನ ಬೆರಳುಗಳು ಬಿಳಿಚಿದವು. "ಗಣಪತಿ, ಗಣಪತಿ," ಅಂದರು ಎರಡು ಸಲ, ಮೆಲ್ಲಗೆ.

ಆಗ ನನಗೆ ಏನಾಯಿತೋ, ಊದುಬತ್ತಿ ಬಿಸಾಡಿ ಬರಿಗೈಯಲ್ಲೇ ಹಿಡಿದೆ. ಉಗುರಲ್ಲಿ ಚಿವುಟಿ, ಬೋಲ್ಟು ತಿರುಗಿಸಿದ ಹಾಗೆ ತಿರುಗಿಸಿ ಎಳೆದೆ. ಕಿತ್ತು ಬಂತು. ಬಚ್ಚಲಿನ ಕಲ್ಲಿನ ಮೇಲೆ ಹಾಕಿ ಚೊಂಬಿನ ತಳದಿಂದ ಒತ್ತಿದೆ. ಪಟ್ ಅಂತ ಒಡೆದು ಕಲ್ಲೆಲ್ಲ ರಕ್ತ. ಅದು ನನ್ನ ಅತ್ತೆಯ ರಕ್ತ ಅನ್ನುವುದು ನೀರು ಹೊಯ್ದ ಮೇಲೆ ತಲೆಗೆ ಬಂತು.

ಅವರು ತಿರುಗಿ ನನ್ನನ್ನು ನೋಡಿದರು. ನಾನು ಮುಟ್ಟಿಬಿಟ್ಟಿದ್ದೆ. ಮದುವೆಯಾಗಿ ಬಂದು ಮೂವತ್ತೊಂದು ವರ್ಷದಲ್ಲಿ ಮಡಿಯಲ್ಲಿದ್ದಾಗ ಅವರನ್ನು ಮುಟ್ಟಿದವಳಲ್ಲ. ಬೈದರೆ ಸಹಿಸಿಕೊಳ್ಳಬಹುದಿತ್ತು. ಅವರು ಬೈಯಲಿಲ್ಲ. "ಇನ್ನೊಮ್ಮೆ ಮೀಯಬೇಕಾಯ್ತು," ಅಂದು ಕುಂಟುತ್ತ ಬಚ್ಚಲಿಗೆ ಹೋದರು. ಮಿಂದು ಬಂದು, ಗರಿಕೆಯನ್ನು ಇಪ್ಪತ್ತೊಂದು ಇಪ್ಪತ್ತೊಂದಾಗಿ ಕಟ್ಟಿ, ಒಂದು ಕಾಲು ಚಾಚಿಕೊಂಡೇ ಬೆಳಗಿನ ಪೂಜೆ ಮುಗಿಸಿದರು. ಆಮೇಲೆ ಕಾಲು ತೋರಿಸಿದಾಗ ಗಾಯದ ನಡುವೆ ಕಪ್ಪು ಚುಕ್ಕೆಯೊಂದು ಕಾಣಿಸಿತು. ಮೈ ಬಂದಿತ್ತು, ಬಾಯಿ ಒಳಗೇ ಉಳಿದಿತ್ತು.

ಡಾಕ್ಟರ ಕ್ಲಿನಿಕ್ ಒಂದು ಗಂಟೆಗೆ ಮುಚ್ಚುತ್ತದೆ. ರಿಕ್ಷಾದಲ್ಲಿ ಹೋಗಿ ಮುಟ್ಟಿದಾಗ ಕಂಪೌಂಡರ್ ಷಟರ್ ಅರ್ಧ ಎಳೆದಿದ್ದ. ನಮ್ಮನ್ನು ನೋಡಿ ಪುನಃ ಎತ್ತಿದ. ಇನ್ನೊಂದು ದಯೆ. ಡಾಕ್ಟರು ಮರಾಠಿ ಹೆಂಗಸು, ನನ್ನ ವಯಸ್ಸಿನವರು, ಅತ್ತೆಯನ್ನು ಆಜಿ ಅನ್ನುತ್ತಾರೆ. ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಇಟ್ಟು ನೋಡಿದರು. ಗೋಚೀಡ್, ಅಂದರು; ಮರಾಠಿಯಲ್ಲಿ ಉಣುಗು. ಆಮೇಲೆ ಗಾಯದ ಸುತ್ತಲಿನ ಸುಟ್ಟ ಗುರುತು ನೋಡಿ ಇದೇನೆಂದು ಕೇಳಿದರು. ನಾನು ಹೇಳಿದೆ. ಅವರು ಭೂತಗನ್ನಡಿ ಕೆಳಗಿಟ್ಟರು.

"ಅಗರಬತ್ತಿ ದೇವಾಸಾಠೀ ಅಸತೇ, ಮಾಣಸಾಸಾಠೀ ನಾಹೀ."

ಊದುಬತ್ತಿ ಇರುವುದು ದೇವರಿಗೆ, ಮನುಷ್ಯರಿಗಲ್ಲ. ದನಿ ಏರಿಸದೆ ಹೇಳಿದ್ದರಿಂದ ಇನ್ನೂ ಹೆಚ್ಚು ತಾಗಿತು. ಮತ್ತೆ ನನಗೆ ತಿಳಿಯಲೆಂದು ಹಿಂದಿಯಲ್ಲಿ ವಿವರಿಸಿದರು. ಸುಟ್ಟರೆ, ಎಣ್ಣೆ, ಸುಣ್ಣ, ಸೀಮೆಎಣ್ಣೆ ಹಚ್ಚಿದರೆ ಆ ಪ್ರಾಣಿ ಕಂಗಾಲಾಗಿ ಹೊಟ್ಟೆಯಲ್ಲಿದ್ದದ್ದನ್ನು ಕಚ್ಚಿದ ಗಾಯದೊಳಕ್ಕೇ ಕಕ್ಕಬಹುದು. ಅದರ ಹೊಟ್ಟೆಯಲ್ಲಿ ಜ್ವರದ ಬೀಜವಿದ್ದರೆ ಅದೂ ಜೊತೆಗೆ ಹೋಗುತ್ತದೆ. ಹಿಸುಕಿದರೂ ಹಾಗೆಯೇ. ಸಣ್ಣ ತುದಿಯ ಚಿಮಟ ತೆಗೆದುಕೊಂಡು, ಅದರ ಹೊಟ್ಟೆಯನ್ನಲ್ಲ, ಚರ್ಮಕ್ಕೆ ತಾಗಿಕೊಂಡ ಹಾಗೆ ಅದರ ತಲೆಯನ್ನು ಹಿಡಿಯಬೇಕು. ತಿರುಗಿಸದೆ, ಜಗ್ಗದೆ, ನೇರಕ್ಕೆ ಒಂದೇ ಸಮ ಎಳೆಯಬೇಕು. ಸಾವಕಾಶ. ಆಮೇಲೆ ಸೋಪು ನೀರಲ್ಲಿ ಗಾಯವನ್ನೂ ಕೈಯನ್ನೂ ತೊಳೆಯಬೇಕು. ಕಿತ್ತದ್ದನ್ನು ಉಗುರಲ್ಲಿ ಕುಟ್ಟದೆ, ಮುಚ್ಚಳ ಗಟ್ಟಿಯಿರುವ ಡಬ್ಬಿಗೆ ಹಾಕಿ ದಿನ ಬರೆದಿಡಬೇಕು. ಮನೆಯಲ್ಲಿ ಚಿಮಟ ಇಲ್ಲವೇ ಅಂತ ಕೇಳಿದರು. ಇತ್ತು. ಮದುವೆಯಾಗಿ ಠಾಣೆಯ ಮಾಜಿವಾಡಾಕ್ಕೆ ಹೋದ ಮಗಳು ಹುಬ್ಬು ಕೀಳಲು ಇಟ್ಟುಕೊಂಡಿದ್ದ ಚಿಮಟ ಕನ್ನಡಿಯ ಹಿಂದೆಯೇ ಇತ್ತು. ನನಗೆ ನೆನಪೇ ಬರಲಿಲ್ಲ.

ಡಾಕ್ಟರು ಉಳಿದದ್ದನ್ನು ತೆಗೆಯಲು ನೋಡಿದರು. ಸ್ವಲ್ಪ ಬಂತು, ಒಂದು ಚೂರು ಬರಲಿಲ್ಲ. ಅಗೆದು ಗಾಯ ದೊಡ್ಡದು ಮಾಡುವುದು ಬೇಡ, ಚರ್ಮ ತಾನೇ ಹೊರಗೆ ಹಾಕುತ್ತದೆ ಅಂದರು. ಮೂರು ನಾಲ್ಕು ವಾರ ಗಮನವಿಡಿ. ಜ್ವರ, ತಲೆನೋವು, ಮೈಮೇಲೆ ಕಲೆ, ಯಾವುದು ಕಂಡರೂ ಅದೇ ದಿನ ಬನ್ನಿ, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಗೋಚೀಡ್ ಕಚ್ಚಿತ್ತು ಎಂದೇ ಹೇಳಿ. ಎಪ್ಪತ್ತೆಂಟರ ಮೈ, ಹುಡುಗಾಟಿಕೆ ಬೇಡ. ಇನ್ನು ಆ ಹುಲ್ಲಿಗೆ ಬರಿಗಾಲಲ್ಲಿ ಕಳಿಸಬೇಡಿ. ಅತ್ತೆ ಅಷ್ಟರಲ್ಲಿ ಸೀರೆ ಸರಿಮಾಡಿಕೊಂಡು ಗೋಡೆಯ ಕ್ಯಾಲೆಂಡರಿನ ಗಣಪತಿಯನ್ನು ನೋಡುತ್ತಿದ್ದರು.

ಆ ದಿನಗಳ ನೆನಪೆಂದರೆ ಥರ್ಮಾಮೀಟರಿನ ನೆನಪು. ಬೆಳಿಗ್ಗೆ ಏಳುತ್ತಲೇ ಒಮ್ಮೆ, ಸಂಜೆ ದೀಪ ಹಚ್ಚಿದ ಮೇಲೊಮ್ಮೆ. ಏರಲಿಲ್ಲ ಅಂದರೆ ಒಂದು ದಯೆ. ಸಂಕಷ್ಟಿಯ ಆ ಸಂಜೆ ಗಂಡ ಬಂದವರು ಎಲ್ಲ ಕೇಳಿ ತಾಯಿಯ ಮೇಲೆ ರೇಗಿದರು. ನನಗೆ ಆರಾಮಿದೆ, ಇನ್ನು ಈ ಹರಕೆ ನಿಲ್ಲಿಸು, ಪೇಟೆಯ ಗರಿಕೆ ಗಣಪತಿಗೆ ಗೊತ್ತಾಗುವುದಿಲ್ಲ ಅಂದರು.

ಅತ್ತೆ ತುಳಸಿ ನೀರು ಕುಡಿದು ಲೋಟ ಕೆಳಗಿಟ್ಟು ಕೇಳಿದರು, "ನೀನು ಆರಾಮ ಇರುವುದು ಎಂತಕ್ಕೆ ಅಂತ ನಿಂಗೆ ಗೊತ್ತುಂಟಾ?"

ಗಂಡ ಟಿವಿ ಹಾಕಿದರು. ಸ್ಟೆಂಟ್ ಹಾಕಿದ ಡಾಕ್ಟರ ಕೈಗುಣವನ್ನು ನಾನು ನಂಬುತ್ತೇನೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹೇಳಿಕೊಂಡ ಹರಕೆಯನ್ನೂ ನಂಬುತ್ತೇನೆ. ಯಾವುದನ್ನು ಬಿಟ್ಟರೂ ಭಯವಾಗುತ್ತದೆ. ಅತ್ತೆಗಾದರೋ ಭಯ ಒಂದೇ. ಹರಕೆ ನಾಲ್ಕು ಬಾಕಿ ಇರುವಾಗ ತಪ್ಪಿದರೆ ಅದು ಮಗನ ಎದೆಗೆ ಹೋಗಿ ತಾಗುತ್ತದೆ. ತನಗೆ ಜ್ವರ ಬರುವುದು ಅವರ ಲೆಕ್ಕದಲ್ಲೇ ಇರಲಿಲ್ಲ.

ಹತ್ತನೆಯ ದಿನ ಜ್ವರ ಬಂತು. ಮಧ್ಯಾಹ್ನ ಊಟಕ್ಕೆ ಕೂತವರು ಅನ್ನವನ್ನು ಕಲಸಿ ಹಾಗೇ ಬಿಟ್ಟರು. ಕಣ್ಣ ಹಿಂದೆ ನೋಯುತ್ತದೆ ಅಂದರು. ಕೈ ಹಿಡಿದು ನೋಡಿದೆ, ಕಾದ ಬಾಣಲೆಯ ಹಿಡಿಯಂತೆ ಇತ್ತು. ಮಗಳಿಗೆ ಫೋನು ಮಾಡಿದರೆ ಅವಳು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, ಠಾಣೆಗೆ ಕರೆದುಕೊಂಡು ಬಾ, ಇಲ್ಲಿ ದೊಡ್ಡ ಆಸ್ಪತ್ರೆ ಇದೆ ಅಂತ ಅತ್ತಳು. ಮೊದಲು ನಮ್ಮ ಡಾಕ್ಟರೇ ನೋಡಲಿ ಅಂದೆ. ರಿಕ್ಷಾದಲ್ಲಿ ಅತ್ತೆಯ ತಲೆ ನನ್ನ ಹೆಗಲ ಮೇಲಿತ್ತು. ಹೊಂಡದ ರಸ್ತೆ. ಪ್ರತಿ ಹೊಂಡಕ್ಕೂ ಅವರ ಹಲ್ಲು ಕಟಕಟ ಅನ್ನುವುದು ನನಗೆ ಕೇಳುತ್ತಿತ್ತು. ನಾನು ಆ ಕಾಫಿಯ ಲೋಟವನ್ನು ನೆನೆಯುತ್ತಿದ್ದೆ, ಫ್ಯಾನಿನ ಕೆಳಗಿನ ಅರ್ಧ ಗಂಟೆಯನ್ನು. ಜೊತೆಗೆ ಹೋಗಿದ್ದರೆ ಎರಡು ಮಾತು ಹೇಳಿ ಹುಲ್ಲಿನ ಹೊರಗೆ ನಿಲ್ಲಿಸಬಹುದಿತ್ತು. ಊದುಬತ್ತಿ ತಾಗಿಸದೆ ಇದ್ದಿದ್ದರೆ. ತಿರುಗಿಸದೆ ಇದ್ದಿದ್ದರೆ. ದೇವರೇ, ನನ್ನ ಕೈಯಿಂದ ಈ ಮುದುಕಿಗೆ ಏನೂ ಆಗದಿರಲಿ ಅಂತ ಮಾತ್ರ ಕೇಳಿದೆ. ಬೇರೆ ಶ್ಲೋಕ ಯಾವುದೂ ಬಾಯಿಗೆ ಬರಲಿಲ್ಲ.

ಮಳೆಗಾಲವಾದ್ದರಿಂದ ಕ್ಲಿನಿಕ್ಕಿನ ತುಂಬ ಜ್ವರದವರೇ. ಎಲ್ಲರಿಗೂ ಡೆಂಗ್ಯೂ, ಮಲೇರಿಯಾದ ಪರೀಕ್ಷೆಗೆ ಚೀಟಿ ಬರೆಯುತ್ತಿದ್ದರು. ನಾನು ಕೂರುವ ಮೊದಲೇ ಉಣುಗಿನ ಮಾತು ಹೇಳಿದೆ. ಡಾಕ್ಟರು ತಲೆಯಾಡಿಸಿ, ರಕ್ತವನ್ನೂ ಕಳಿಸೋಣ, ಆದರೆ ವರದಿಗೆ ಕಾಯುವುದು ಬೇಡ ಅಂತ ಅಂದೇ ಬೇರೆಯ ಮಾತ್ರೆ ಶುರುಮಾಡಿದರು. ಹೇಳದೆ ಇದ್ದಿದ್ದರೆ ಮೂರು ದಿನ ಹಾಗೇ ಹೋಗುತ್ತಿತ್ತು, ಹೇಳಿದ್ದು ಒಳ್ಳೆಯದಾಯಿತು ಅಂದರು. ಆ ಒಂದು ವಾಕ್ಯವನ್ನು ಹಿಡಿದುಕೊಂಡು ನಾನು ಮೂರು ದಿನ ಕಳೆದೆ. ಗಂಜಿ, ಮಾತ್ರೆ, ಒದ್ದೆ ಬಟ್ಟೆ, ಬೆವರಿದ ಸೀರೆ ಬದಲಿಸುವುದು. ಮಲಗಿದವರಿಗೆ ಮಡಿಯಿಲ್ಲ. ಅವರ ಕಂಕುಳು, ಬೆನ್ನು, ಪಾದ ಎಲ್ಲ ಒರೆಸಿದೆ. ಇಷ್ಟು ಸಣ್ಣ ಮೈ ಅಂತ ನನಗೆ ಗೊತ್ತೇ ಇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಥರ್ಮಾಮೀಟರು ಇಳಿಯಿತು. ಅವರು ಕಣ್ಣು ತೆರೆದು ಮೊದಲು ಕೇಳಿದ್ದು ಇವತ್ತು ತಿಥಿ ಯಾವುದು ಅಂತ.

ಮುಂದಿನ ಸಂಕಷ್ಟಿಗೆ ಎರಡು ವಾರ ಕೂಡ ಉಳಿದಿರಲಿಲ್ಲ. ಮಾತ್ರೆ ಮುಗಿದರೂ ಸುಸ್ತು ಹೋಗಿರಲಿಲ್ಲ. ಬಚ್ಚಲಿಗೆ ಹೋಗಿ ಬಂದರೆ ಏದುಸಿರು. ಗಂಡ ವಾಚ್‌ಮನ್‌ನಿಗೇ ಹೇಳಿಟ್ಟರು, ಮಾತಾಜಿ ಹಿಂದಿನ ಗೇಟಿಗೆ ಬಂದರೆ ನನಗೆ ಫೋನು ಮಾಡು ಅಂತ. ಅತ್ತೆ ಜಗಳವಾಡಲಿಲ್ಲ. ಊಟ ಕಡಿಮೆ ಮಾಡಿದರು, ಕ್ಯಾಲೆಂಡರಿನ ಮುಂದೆ ನಿಲ್ಲುವುದು ಹೆಚ್ಚಾಯಿತು. ನಾನು ಅವರನ್ನು ತಡೆದರೆ ಅವರು ಕೊರಗುತ್ತಾರೆ, ಬಿಟ್ಟರೆ ಇನ್ನೊಂದು ಉಣುಗು. ಯಾವುದಕ್ಕೂ ನನ್ನಲ್ಲಿ ಶಕ್ತಿ ಇರಲಿಲ್ಲ. ಕೊನೆಗೆ ಡಾಕ್ಟರನ್ನೇ ಹೋಗಿ ಕೇಳಿದೆ, ನಿಲ್ಲಿಸಿ ಎಂದು ಅವರೇ ಹೇಳಲಿ ಅಂತ ಒಳಗೊಳಗೆ ಆಸೆಯಿತ್ತು.

ಅವರು ಹಾಗೆ ಹೇಳಲಿಲ್ಲ. ಹೋಗಲಿ, ಆದರೆ ಸರಿಯಾಗಿ ಹೋಗಲಿ ಅಂದರು. ಎತ್ತರದ ಹುಲ್ಲಿನೊಳಗೆ ಕಾಲಿಡಬಾರದು, ಎಮ್ಮೆ ಮಲಗುವ ಜಾಗದಲ್ಲಿ ಕೂರಬಾರದು. ಉಣುಗು ಹಾರುವುದಿಲ್ಲ, ಹುಲ್ಲಿನ ತುದಿಯಲ್ಲಿ ಕಾದು ಕೂತು ತಾಗಿದವರನ್ನು ಹಿಡಿದುಕೊಳ್ಳುತ್ತದೆ. ಬಿಳಿ ಬಟ್ಟೆ ಹಾಕಿದರೆ ಹತ್ತುವುದು ಕಣ್ಣಿಗೆ ಕಾಣುತ್ತದೆ. ಕಾಲಿಗೆ ಪೈಜಾಮಾ, ಅದರ ತುದಿ ಕಾಲುಚೀಲದೊಳಗೆ, ಮೇಲೆ ಬೂಟು. ಸೊಳ್ಳೆಗೆ ಹಚ್ಚುವ ಕ್ರೀಮಿನಲ್ಲಿ ಉಣುಗಿಗೂ ಆಗುವಂಥದ್ದಿದೆ, ಅದನ್ನೇ ಕೇಳಿ ತಂದು ತೆರೆದಿರುವ ಚರ್ಮಕ್ಕೆ ಹಚ್ಚಬೇಕು. ಬಂದ ಕೂಡಲೇ ಬಟ್ಟೆ ಬಿಚ್ಚಿ, ಮೊಣಕಾಲ ಹಿಂದೆ, ತೊಡೆಸಂದಿ, ಸೊಂಟ, ಕಂಕುಳು, ಕಿವಿ, ತಲೆಗೂದಲ ಅಂಚು ಎಲ್ಲ ನೋಡಿ, ಆಮೇಲೆ ಸ್ನಾನ. ತನ್ನ ಬೆನ್ನು ತನಗೆ ಕಾಣುವುದಿಲ್ಲ, ಆದ್ದರಿಂದ ಇನ್ನೊಬ್ಬರು ನೋಡಬೇಕು, ಅಂದು ನನ್ನನ್ನೇ ನೋಡಿದರು.

ಬೂಟು ಅಂದರೆ ಚರ್ಮ, ಚರ್ಮ ಅಂದರೆ ಗರಿಕೆ ಕೀಳುವ ಹಾಗಿಲ್ಲ. ಎರಡು ಅಂಗಡಿ ತಿರುಗಿ ಶಾಲೆಯ ಮಕ್ಕಳು ಆಟದ ಪಿರಿಯಡ್ಡಿಗೆ ಹಾಕುವ ಬಿಳಿ ಕ್ಯಾನ್ವಾಸಿನ ಬೂಟು ತಂದೆ. ಬಟ್ಟೆ ಮತ್ತು ರಬ್ಬರು, ಒಂದು ಎಳೆ ಚರ್ಮ ಇಲ್ಲ. ತೊಳೆದು, ಅತ್ತೆಯ ಮಡಿ ಬಟ್ಟೆ ಹಾಕುವ ಹಗ್ಗಕ್ಕೇ ಕೋಲಿನಿಂದ ನೇತುಹಾಕಿದೆ. ಅವರು ಹಾಸಿಗೆಯ ಮೇಲಿಂದ ನೋಡುತ್ತಿದ್ದರು. ಬೂಟು ಅಲ್ಲಿ ನೇತಾಡುವುದನ್ನು ಅವರು ಒಪ್ಪುವರೋ ಇಲ್ಲವೋ ಅಂತ ಬೆನ್ನ ಹಿಂದೆ ಕಿವಿಕೊಟ್ಟೇ ನಿಂತಿದ್ದೆ.

"ಮೊದಲು ಮಿಂದು ಹೋಗ್ತಿದ್ದೆ," ಅಂದರು. "ಇನ್ನು ಮೊದಲು ಹುಲ್ಲು, ಆಮೇಲೆ ಮೀಯುವುದು. ಗರಿಕೆಗೆ ನೀರು ಪ್ರೋಕ್ಷಣೆ ಮಾಡಿದ್ರೆ ಆಯ್ತು. ನನ್ನತ್ತೆ ಇದ್ದಿದ್ರೆ ಒಪ್ತಿರ್ಲಿಲ್ಲ. ಅವರಿಗೆ ಉಣುಗು ಕಚ್ಚಿರ್ಲಿಲ್ಲ."

ಐವತ್ತೈದು ವರ್ಷದ ಕ್ರಮವನ್ನು ಅವರು ಅಷ್ಟರಲ್ಲಿ ತಿರುಗಿಸಿಟ್ಟರು. ನಾನು ವಾದಕ್ಕೆ ಎಷ್ಟೋ ಮಾತು ಸಿದ್ಧಮಾಡಿಕೊಂಡಿದ್ದೆ. ಒಂದೂ ಖರ್ಚಾಗಲಿಲ್ಲ. ಗಂಡನಿಗೆ ನಾನೇ ಹೇಳಿದೆ, ಜೊತೆಗೆ ನಾನು ಹೋಗುತ್ತೇನೆ, ಸುಮ್ಮನಿರಿ ಅಂತ. ಅವರು ನನ್ನ ಮುಖ ನೋಡಿ, ತಮ್ಮದೊಂದು ಪೈಜಾಮಾ ತೆಗೆದುಕೊಟ್ಟರು.

ಸಂಕಷ್ಟಿಯ ಬೆಳಿಗ್ಗೆ ಆರೂವರೆಗೆ ಹೊರಟೆವು. ಗಂಡನ ಹಳೆಯ ಬಿಳಿ ಪೈಜಾಮಾ, ಅದರ ಮೇಲೆ ಎತ್ತಿ ಕಟ್ಟಿದ ಬಿಳಿ ಸೀರೆ, ಕಾಲುಚೀಲ, ಬೂಟು. ಕ್ರೀಮು ಕೈಗೆ ಹಚ್ಚಿದಾಗ ಮೂಗು ಮುರಿದರು, ಗಣಪತಿಗೂ ವಾಸನೆ ಬಡಿದೀತು ಅಂದರು. ಲಿಫ್ಟಿನ ಕನ್ನಡಿಯಲ್ಲಿ ತನ್ನನ್ನು ಮೇಲಿಂದ ಕೆಳಗೆ ನೋಡಿಕೊಂಡು, "ಕ್ರಿಕೆಟ್ ಆಡ್ಲಿಕ್ಕೆ ಹೊರಟ ಹಾಗೆ ಉಂಟು," ಅಂದರು. ಒಂದು ತಿಂಗಳಲ್ಲಿ ನಾನು ಮೊದಲ ಸಲ ನಕ್ಕೆ. ಕೆಳಗೆ ಕಸ ಗುಡಿಸುವವಳು ಪೊರಕೆ ನಿಲ್ಲಿಸಿ, "ಆಯಿ, ಯಾವ ಟೀಮಿಗೆ ಹೊಂಟೀರಿ?" ಅಂದಳು.

ಮೈದಾನದೊಳಕ್ಕೆ ನಾನು ಬಿಡಲಿಲ್ಲ. ನಾಲೆಯ ಸಿಮೆಂಟು ಅಂಚಿನಲ್ಲೇ ನಡೆದೆವು. ಅಂಚಿನ ಬಿರುಕುಗಳಲ್ಲಿ, ಎತ್ತರದ ಹುಲ್ಲಿಲ್ಲದ ಕಡೆ, ಗರಿಕೆ ತಾನಾಗಿಯೇ ಹಬ್ಬಿತ್ತು. ಅತ್ತೆ ಬಗ್ಗಿ ಒಂದೊಂದೇ ಚಿವುಟಿದರು. ನಾನು ಚೀಲ ಹಿಡಿದು ಅವರ ಕಾಲನ್ನೇ ನೋಡುತ್ತ ನಿಂತೆ. ಉಸಿರು ಸಿಕ್ಕಿಕೊಂಡಾಗ ನನ್ನ ಮುಂಗೈ ಹಿಡಿದು ನಿಂತು ಸುಧಾರಿಸಿಕೊಂಡರು. ಇಪ್ಪತ್ತೊಂದರ ಐದು ಕಟ್ಟಿಗೆ ನೂರಾ ಐದು ಎಸಳಾಗಲು ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಮೊಣಕಾಲು ಸುಳ್ಳು ಹೇಳಿರಲಿಲ್ಲ; ಅದೂ ನೋಯುತ್ತಿತ್ತು.

ಮನೆಗೆ ಬಂದು ಬಚ್ಚಲ ಬಾಗಿಲಲ್ಲೇ ಬೂಟು ಬಿಚ್ಚಿಸಿದೆ. ಬಲಗಾಲಿನ ಬಿಳಿ ಕಾಲುಚೀಲದ ಮೇಲೆ ಎಳ್ಳಿನಷ್ಟು ಕಂದು ಚುಕ್ಕೆಯೊಂದು ಮೇಲಕ್ಕೆ ಹತ್ತುತ್ತಿತ್ತು. ಇನ್ನೂ ಕಚ್ಚಿರಲಿಲ್ಲ. ಸೆಲೋಟೇಪಿನ ತುಂಡೊಂದನ್ನು ಅದರ ಮೇಲೊತ್ತಿ ಎತ್ತಿ, ಮಡಿಸಿ, ಡಬ್ಬಿಗೆ ಹಾಕಿದೆ. ಡಬ್ಬಿಯ ಮೇಲೆ ದಿನ ಬರೆದೆ.

ಅತ್ತೆ ಅದನ್ನು ನೋಡಿದರು. ಸೀರೆ ಬಿಚ್ಚಿ ಬಕೆಟ್ಟಿಗೆ ಹಾಕಿ, ಒಂದು ಪಂಚೆ ಸುತ್ತಿಕೊಂಡು ಬೆಳಕಿಗೆ ಬೆನ್ನು ಮಾಡಿ ನಿಂತರು.

"ಮುಟ್ಟು," ಅಂದರು. "ಸರಿಯಾಗಿ ನೋಡು."

ಮೊಣಕಾಲ ಹಿಂದೆ ಹಳೆಯ ಗಾಯ ಒಣಗಿ ಕಪ್ಪು ಕಲೆಯಾಗಿತ್ತು. ಪಕ್ಕದಲ್ಲಿ ನನ್ನ ಊದುಬತ್ತಿಯ ಗುರುತು ಇನ್ನೂ ಗುಂಡಗೆ ಉಳಿದಿತ್ತು. ಅದರ ಮೇಲೆ ಬೆರಳಾಡಿಸಿದೆ. ತೊಡೆ, ಸೊಂಟ, ಕಂಕುಳು, ಬೆನ್ನಿನ ಮಡಿಕೆಗಳು ನೋಡಿದೆ. ತುರುಬು ಬಿಚ್ಚಿ ಕೂದಲನ್ನು ಸೀಳಿ ಸೀಳಿ ನೋಡಿದೆ. ಏನೂ ಇರಲಿಲ್ಲ. ಏನೂ ಇಲ್ಲ ಅತ್ತೆ ಅಂದೆ. ಅವರು ಹೂಂ ಅಂದು ಮೀಯಲು ಕೂತರು. ಒಳಗಿಂದ ಗಣಪತಿಯ ಶ್ಲೋಕ ಶುರುವಾಯಿತು, ಮಧ್ಯೆ ಮಧ್ಯೆ ಉಸಿರು ಎಳೆದುಕೊಂಡು.

ಇನ್ನು ಮೂರು ಸಂಕಷ್ಟಿ. ನನ್ನ ಅರ್ಧ ಗಂಟೆ ಇನ್ನು ಸಿಗುವುದಿಲ್ಲ, ಸಿಗದಿದ್ದರೂ ನಡೆಯುತ್ತದೆ. ಅವರು ತೆಗೆದುಹಾಕಿದ ಸೀರೆ, ಪೈಜಾಮಾ, ಕಾಲುಚೀಲದ ಮೇಲೆ ಒಂದು ಪಾತ್ರೆ ಕುದಿನೀರು ಹೊಯ್ದು ಮುಚ್ಚಿಟ್ಟೆ. ಅಷ್ಟರಲ್ಲಿ ಅಡುಗೆಮನೆಯ ನಲ್ಲಿ ಗೊರಗೊರ ಅನ್ನತೊಡಗಿತು. ಪಾಲಿಕೆಯ ನೀರು ಎಂಟಕ್ಕೆ ನಿಲ್ಲುತ್ತದೆ; ಡ್ರಮ್ಮು ಇನ್ನೂ ಅರ್ಧ ಖಾಲಿ ಇತ್ತು. ಪೈಪು ಸಿಕ್ಕಿಸಿ ತುಂಬಿಸಲು ನಿಂತೆ.